ಫಾರ್ಮ್ಯಾಟ್ ಮಾಡಿಸುವ ಮುನ್ನ: ಹಳೆಯ ಮನೆ ಕಂಪ್ಯೂಟರಿನ ದೋಷ ಪತ್ತೆ

"ಕಂಪ್ಯೂಟರ್ ಹಳೆಯದಾಯಿತು. ಹೊಸದು ತೆಗೆದುಕೊಳ್ಳಲೋ, ಇದಕ್ಕೇ ಏನಾದರೂ ಹಾಕಿಸಲೋ?" ಎಂದು ಕೇಳುವವರಿಗೆ ನನ್ನದೊಂದು ಮರುಪ್ರಶ್ನೆ ಇರುತ್ತದೆ: ಅದಕ್ಕೆ ಆಗಿರುವುದಾದರೂ ಏನು? ಬಹುತೇಕರ ಉತ್ತರ, "ತುಂಬಾ ಸ್ಲೋ." ವೈದ್ಯರ ಬಳಿ ಹೋಗಿ "ಮೈಯಲ್ಲಿ ಸರಿಯಿಲ್ಲ" ಎಂದ ಹಾಗೆ ಇದು. ಅಷ್ಟರ ಮೇಲೆ ಔಷಧಿಯನ್ನೂ ಬರೆಯಲಾಗದು, ಆಸ್ಪತ್ರೆಗೂ ಸೇರಿಸಲಾಗದು. ಆದರೆ ಕಂಪ್ಯೂಟರಿನ ವಿಷಯದಲ್ಲಿ ನಾವು ಮಾಡುವುದು ಅದನ್ನೇ: ಮೊದಲು ಫಾರ್ಮ್ಯಾಟ್ (ಡಿಸ್ಕ್ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು), ಅದು ಫಲಿಸದಿದ್ದರೆ ಹೊಸದು.

ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯಲ್ಲಿ 2013ರಲ್ಲಿ ಕೊಂಡ ಅಸೆಂಬಲ್ಡ್ ಯಂತ್ರವೊಂದಿತ್ತು. ಇಂಟೆಲ್‌ನ ಮೂರನೆಯ ತಲೆಮಾರಿನ ಐ3-3220 ಪ್ರೊಸೆಸರ್, ಎಚ್61 ಚಿಪ್‌ಸೆಟ್‌ನ ಬೋರ್ಡ್ (ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್), 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಅಪ್ಪನ ಅಡಿಕೆ ಲೆಕ್ಕ, ಊರಿನ ದೇವಸ್ಥಾನದ ಪತ್ರವ್ಯವಹಾರ, ನಡುನಡುವೆ ಯಕ್ಷಗಾನದ ವಿಡಿಯೊ, ಇಷ್ಟು ಅದರ ಕೆಲಸ. 2022ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಪೇಟೆಯ ಅಂಗಡಿಗೆ ಹೊತ್ತುಕೊಂಡು ಹೋದರೆ ಹತ್ತು ನಿಮಿಷದಲ್ಲಿ ತೀರ್ಪು ಬಂತು: "ಬೋರ್ಡ್ ಹೋಗಿದೆ. ಈ ಬೋರ್ಡ್ ಈಗ ಸಿಗುವುದಿಲ್ಲ. ಪೂರ್ತಿ ಬದಲಿಸಿಬಿಡಿ." ನಾನು ಆ ಡಬ್ಬಿಯನ್ನು ಮನೆಗೆ ವಾಪಸು ತಂದು, ರ‍್ಯಾಮ್ ಕಡ್ಡಿಯನ್ನು ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ಮಗಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಯಂತ್ರ ಎದ್ದಿತು, ಆಮೇಲೆ ಇನ್ನೂ ಮೂರು ವರ್ಷ ನಡೆಯಿತು.

ಅಂಗಡಿಯವರು ಮೋಸ ಮಾಡಿದರು ಎಂದು ನಾನು ಹೇಳುತ್ತಿಲ್ಲ. ದಿನಕ್ಕೆ ಹತ್ತು ಯಂತ್ರ ನೋಡುವವರಿಗೆ ಒಂದೊಂದನ್ನೂ ಬಿಡಿಬಿಡಿಯಾಗಿ ಪರೀಕ್ಷಿಸುವ ವ್ಯವಧಾನ ಇರುವುದಿಲ್ಲ. ಆ ವ್ಯವಧಾನ ನಮಗಿದೆ, ಏಕೆಂದರೆ ಹಣ ನಮ್ಮದು.

ತಿರುಪು ಬಿಚ್ಚುವ ಮೊದಲು

ಯಂತ್ರ ಇನ್ನೂ ಹೇಗೋ ನಡೆಯುತ್ತಿದೆ ಎಂದಾದರೆ ಮೊದಲ ಕೆಲಸ ಪರೀಕ್ಷೆಯಲ್ಲ, ನಕಲು. ಫೋಟೊ, ಪತ್ರ, ಲೆಕ್ಕ ಎಲ್ಲವನ್ನೂ ಹೊರಗಿನ ಡಿಸ್ಕಿಗೋ ಪೆನ್‌ಡ್ರೈವಿಗೋ ಹಾಕಿಕೊಳ್ಳಿ. ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಯಾವ ಪರೀಕ್ಷೆಯ ತಂತ್ರಾಂಶವನ್ನೂ ಅದರ ಮೇಲೆ ಓಡಿಸಬೇಡಿ. ಆ ಡಿಸ್ಕಿಗೆ ಉಳಿದಿರುವ ಉಸಿರು ಎಷ್ಟೋ ಗೊತ್ತಿಲ್ಲ. ಇರುವಷ್ಟನ್ನು ಕಡತ ಉಳಿಸಲು ಬಳಸಿ.

ಡಬ್ಬಿಯನ್ನು ತೆರೆಯುವಾಗ ಸ್ವಿಚ್ ಆರಿಸಿದರೆ ಸಾಲದು, ಗೋಡೆಯಿಂದ ವೈರು ಕಿತ್ತಿಡಬೇಕು. ಕಿತ್ತ ಮೇಲೆ ಪವರ್ ಗುಂಡಿಯನ್ನು ಐದಾರು ಸೆಕೆಂಡು ಒತ್ತಿ ಹಿಡಿದರೆ ಬೋರ್ಡಿನಲ್ಲಿ ಉಳಿದ ವಿದ್ಯುತ್ತು ಖಾಲಿಯಾಗುತ್ತದೆ. ಡಬ್ಬಿಯ ಬಣ್ಣವಿಲ್ಲದ ಲೋಹದ ಭಾಗವನ್ನೊಮ್ಮೆ ಮುಟ್ಟಿ ಆಮೇಲೆ ಒಳಗೆ ಕೈಹಾಕಿ. ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ವೈರು ಕಿತ್ತ ಬಳಿಕವೂ ಅದರ ಒಳಗಿನ ಕೆಪಾಸಿಟರುಗಳು ಜೋರಾಗಿ ಹೊಡೆಯಬಲ್ಲವು.

ಗುಂಡಿ ಒತ್ತಿದರೆ ಏನೂ ಇಲ್ಲ

ದೀಪವಿಲ್ಲ, ಫ್ಯಾನ್ ಇಲ್ಲ. ಇಂಥ ಕಡೆ ಕಂಪ್ಯೂಟರಿಗಿಂತ ಮೊದಲು ಯುಪಿಎಸ್ಸನ್ನು ಅನುಮಾನಿಸಿ. ಮನೆಯ ಸಣ್ಣ ಯುಪಿಎಸ್‌ಗಳಲ್ಲಿ ಇರುವುದು ಸಾಮಾನ್ಯವಾಗಿ 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿ; ಎರಡು ಮೂರು ವರ್ಷಕ್ಕೆ ಅದರ ಆಯುಸ್ಸು ಮುಗಿಯುತ್ತದೆ. ಬ್ಯಾಟರಿ ಸತ್ತರೆ ಎಷ್ಟೋ ಯುಪಿಎಸ್‌ಗಳು ಕರೆಂಟ್ ಇದ್ದಾಗಲೂ ಆನ್ ಆಗುವುದಿಲ್ಲ. ಕಂಪ್ಯೂಟರನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಕೊಟ್ಟು ನೋಡಿ. ಹಿಂಬದಿಯಲ್ಲಿ ಎಸ್‌ಎಂಪಿಎಸ್‌ಗೆ ಅದರದೇ ಒಂದು ಸ್ವಿಚ್ ಇರುತ್ತದೆ. ಕಸ ಗುಡಿಸುವಾಗ ಯಾರದೋ ಕೈ ತಾಗಿ ಅದು ಆರಿರುವುದೂ ಉಂಟು. ನಗಬೇಡಿ. ಇದೇ ಕಾರಣಕ್ಕೆ ನಾನು ಹದಿನೆಂಟು ಕಿಲೋಮೀಟರ್ ಬೈಕಿನಲ್ಲಿ ಹೋಗಿ ಒಂದು ಯಂತ್ರವನ್ನು "ರಿಪೇರಿ" ಮಾಡಿ ಕಾಫಿ ಕುಡಿದು ಬಂದಿದ್ದೇನೆ.

ಆಗಲೂ ಜೀವ ಬರದಿದ್ದರೆ ಎಸ್‌ಎಂಪಿಎಸ್ ಒಂದನ್ನೇ ಪರೀಕ್ಷಿಸಬಹುದು. ವೈರು ಕಿತ್ತು, ಬೋರ್ಡಿಗೆ ಹೋಗುವ 24 ಪಿನ್ನಿನ ದೊಡ್ಡ ಕನೆಕ್ಟರನ್ನು ಬಿಡಿಸಿ. ಅದರಲ್ಲಿ ಹಸಿರು ವೈರು ಒಂದೇ ಒಂದಿರುತ್ತದೆ. ಅದನ್ನೂ ಪಕ್ಕದ ಕಪ್ಪು ವೈರನ್ನೂ ಪೇಪರ್ ಕ್ಲಿಪ್ಪಿನಿಂದ ಸೇರಿಸಿ, ಕೈ ತೆಗೆದು, ಆಮೇಲೆ ಕರೆಂಟ್ ಕೊಡಿ. ಫ್ಯಾನ್ ತಿರುಗದಿದ್ದರೆ ಎಸ್‌ಎಂಪಿಎಸ್ ಹೋಗಿರುವುದೇ ಹೆಚ್ಚು. ತಿರುಗಿದರೆ ಅದು ಚೆನ್ನಾಗಿದೆ ಎಂದೇನೂ ಅರ್ಥವಲ್ಲ. ಬರಿಗೈಯಲ್ಲಿ ನಡೆಯುವವನು ಮೂಟೆ ಹೊರಬಲ್ಲ ಎಂದು ಹೇಳಲಾಗದು. ಮಲ್ಟಿಮೀಟರ್ ಇದ್ದರೆ ಹಳದಿ ವೈರಿನಲ್ಲಿ 11.4ರಿಂದ 12.6 ವೋಲ್ಟ್, ಕೆಂಪಿನಲ್ಲಿ 4.75ರಿಂದ 5.25 ವೋಲ್ಟ್ ಇರಬೇಕು. ಇದರ ಹೊರಗೆ ಹೋದರೆ ಬದಲಿಸಿ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಎಸ್‌ಎಂಪಿಎಸ್ ಸಾಯಲು ಇನ್ನೊಂದು ಕಾರಣ ಬಿಸಿ ಹುಡುಕಿಕೊಂಡು ಒಳಗೆ ಹೊಕ್ಕ ಹಲ್ಲಿ. ಮೂಸಿ ನೋಡಿದರೆ ಗೊತ್ತಾಗುತ್ತದೆ.

ಎಸ್‌ಎಂಪಿಎಸ್ ಮಾತ್ರ ಹೋಗಿದ್ದರೆ ಹೊಸ ಕಂಪ್ಯೂಟರಿನ ಮಾತೇ ಎತ್ತಬೇಡಿ. ಅದು ಬಲ್ಬ್ ಹೋದದ್ದಕ್ಕೆ ಮನೆ ಬದಲಿಸಿದ ಹಾಗೆ.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ನಮ್ಮ ಯಂತ್ರಕ್ಕೆ ಆದದ್ದು ಇದೇ. ಇಂಥ ದೂರಿನಲ್ಲಿ ಬೋರ್ಡ್ ಹೋಗಿರುವ ಸಾಧ್ಯತೆ ಇದ್ದೇ ಇದೆ, ಆದರೆ ಅದು ಸಾಲಿನ ಕೊನೆಯಲ್ಲಿ ನಿಂತಿದೆ. ಮೊದಲು ಮಾನಿಟರಿನ ಕೇಬಲ್ಲನ್ನು ಎರಡೂ ತುದಿಯಲ್ಲಿ ಬಿಡಿಸಿ ಸಿಕ್ಕಿಸಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಕೇಬಲ್ ಆ ಕಾರ್ಡಿಗೇ ಹೋಗಬೇಕು, ಬೋರ್ಡಿನ ಕಿಂಡಿಗಲ್ಲ. ಆಮೇಲೆ ರ‍್ಯಾಮ್. ಎರಡು ಕಡ್ಡಿಗಳಿದ್ದರೆ ಒಂದನ್ನು ತೆಗೆದಿಟ್ಟು ಇನ್ನೊಂದರಲ್ಲೇ ಚಾಲೂ ಮಾಡಿ. ಅದು ಏಳದಿದ್ದರೆ ಪಕ್ಕದ ಕಿಂಡಿಗೆ ಬದಲಿಸಿ. ಆಮೇಲೆ ಇನ್ನೊಂದು ಕಡ್ಡಿ. ನಮ್ಮ ಜೂನ್-ಜುಲೈಯ ತೇವದಲ್ಲಿ ಆ ಅಂಚಿನ ಮೇಲೆ ಕಣ್ಣಿಗೆ ಕಾಣದ ಪದರ ಕಟ್ಟುತ್ತದೆ. ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಎರಡೂ ಬದಿಯ ಕೊಂಡಿ ಕಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ಮಳೆಗಾಲದಲ್ಲಿ ವಾರಗಟ್ಟಲೆ ಮುಟ್ಟದೆ ಬಿಟ್ಟ ಯಂತ್ರಗಳಿಗೆ ಈ ಕಾಯಿಲೆ ಹೆಚ್ಚು. ದಿನಕ್ಕೆ ಅರ್ಧ ಗಂಟೆ ಚಾಲೂ ಇಟ್ಟರೆ ಒಳಗಿನ ಬಿಸಿಯೇ ತೇವವನ್ನು ಓಡಿಸುತ್ತದೆ.

ಬೋರ್ಡಿಗೆ ಪುಟ್ಟ ಸ್ಪೀಕರ್ ಇದ್ದರೆ ಬೀಪ್ ಸದ್ದನ್ನು ಕೇಳಿಸಿಕೊಳ್ಳಿ. ಯಂತ್ರವನ್ನು ಎಬ್ಬಿಸಲು ಬೋರ್ಡಿನಲ್ಲೇ ಇರುವ ಪುಟ್ಟ ತಂತ್ರಾಂಶಕ್ಕೆ ಬಯೋಸ್ ಎಂದು ಹೆಸರು. ಒಂದೊಂದು ಬಯೋಸ್ ಕಂಪನಿಯ ಸಂಕೇತ ಒಂದೊಂದು ಥರ, ಹಾಗಾಗಿ ಬೋರ್ಡಿನ ಕೈಪಿಡಿ ನೋಡಬೇಕು. ಆದರೂ ಸದ್ದು ಬರುತ್ತಿದೆ ಎಂಬುದೇ ಶುಭ ಸುದ್ದಿ: ಬೋರ್ಡೂ ಪ್ರೊಸೆಸರೂ ದೂರು ಹೇಳುವಷ್ಟಾದರೂ ಬದುಕಿವೆ. ರ‍್ಯಾಮನ್ನು ಪೂರ್ತಿ ತೆಗೆದು ಚಾಲೂ ಮಾಡಿದರೂ ಒಂದು ಬೀಪ್ ಸಹ ಬರಲಿಲ್ಲ ಎಂದಾದರೆ ಆಗ ಬೋರ್ಡಿನ ಕಡೆ ಕಣ್ಣು ಹಾಯಿಸಿ. ಪ್ರೊಸೆಸರ್ ಸುತ್ತ ನಿಂತ ಸಣ್ಣ ಉರುಳೆಗಳೇ ಕೆಪಾಸಿಟರುಗಳು. ಅವುಗಳ ತಲೆ ಚಪ್ಪಟೆಯಾಗಿರಬೇಕು. ಹಬೆಗೆ ಉಬ್ಬಿದ ಇಡ್ಲಿಯಂತಾಗಿದ್ದರೆ, ಕಂದು ದ್ರವ ಒಸರಿದ್ದರೆ, ಬೋರ್ಡಿನ ದಿನ ಮುಗಿದಿದೆ. ಬೆಸುಗೆ ಬಲ್ಲವರು ಅವನ್ನು ಬದಲಿಸಿ ಕೊಡುತ್ತಾರೆ, ನಿಜ. ಆದರೆ ಒಂದು ಉಬ್ಬಿದಲ್ಲಿ ಅದೇ ವಯಸ್ಸಿನ ಉಳಿದವೂ ಅದೇ ದಾರಿಯಲ್ಲಿರುತ್ತವೆ.

ಬೋರ್ಡ್ ಸತ್ತಿದೆ ಎಂದು ತೀರ್ಮಾನಿಸುವ ಮೊದಲು ಅದರ ಮೇಲಿನ ನಾಣ್ಯದಂಥ ಬ್ಯಾಟರಿಯನ್ನೂ ಬದಲಿಸಿ ನೋಡಿ. ಸಿಆರ್2032 ಎಂದು ಅದರ ಮೇಲೆಯೇ ಬರೆದಿರುತ್ತದೆ, 3 ವೋಲ್ಟಿನದು, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಇದು ಖಾಲಿಯಾದರೆ ಕಂಪ್ಯೂಟರ್ ಪ್ರತಿ ಬಾರಿಯೂ ತನ್ನ ಹುಟ್ಟಿದ ವರ್ಷಕ್ಕೆ ಹಿಂದಿರುಗುತ್ತದೆ. ದಿನಾಂಕ ತಪ್ಪಾದರೆ ಬ್ರೌಸರಿಗೆ ಯಾವ ಜಾಲತಾಣದ ಪ್ರಮಾಣಪತ್ರವೂ ಸರಿ ಕಾಣುವುದಿಲ್ಲ. ಬ್ಯಾಂಕಿನ ಪುಟ ತೆರೆಯುವುದಿಲ್ಲ. "ಇಂಟರ್‌ನೆಟ್ ಹೋಗಿದೆ, ಕಂಪ್ಯೂಟರಿಗೆ ವಯಸ್ಸಾಯಿತು" ಎಂಬ ದೂರಿನ ಹಿಂದೆ ಈ ಪುಟ್ಟ ಬಿಲ್ಲೆ ಇದ್ದುದನ್ನು ನಾನು ಒಂದಕ್ಕಿಂತ ಹೆಚ್ಚು ಮನೆಯಲ್ಲಿ ಕಂಡಿದ್ದೇನೆ.

ನಿಧಾನ ಎಂಬ ದೂರು

ಇಲ್ಲಿ ತುಸು ಹೊತ್ತು ಕೂರಬೇಕು. ಕಂಪ್ಯೂಟರ್ ನಿಧಾನ ಎಂದರೆ ಒಳಗೆ ಯಾರೋ ಒಬ್ಬರು ಉಳಿದವರನ್ನೆಲ್ಲ ಕಾಯಿಸುತ್ತಿದ್ದಾರೆ. ಆ ಒಬ್ಬರು ಯಾರೆಂದು ಹಿಡಿದರೆ ಮುಕ್ಕಾಲು ನಿರ್ಧಾರ ಮುಗಿದಂತೆ.

ಯಂತ್ರವನ್ನು ಚಾಲೂ ಮಾಡಿ, ಏನನ್ನೂ ತೆರೆಯದೆ ಹತ್ತು ನಿಮಿಷ ಬಿಟ್ಟುಬಿಡಿ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬ ಪುಟಕ್ಕೆ ಹೋಗಿ. ಪ್ರೊಸೆಸರ್, ಮೆಮೊರಿ, ಡಿಸ್ಕ್ ಮೂರರ ನಾಡಿಯೂ ಅಲ್ಲಿ ಕಾಣುತ್ತದೆ. ಈಗ ನೀವು ದಿನವೂ ಮಾಡುವ ಕೆಲಸವನ್ನೇ ಮಾಡಿ: ಬ್ರೌಸರಿನಲ್ಲಿ ನಾಲ್ಕೈದು ಪುಟ, ಒಂದು ಪತ್ರ, ಒಂದು ಲೆಕ್ಕದ ಹಾಳೆ. ಯಂತ್ರ ಒದ್ದಾಡುವ ಕ್ಷಣದಲ್ಲಿ ಯಾವ ಗೆರೆ ಮೇಲೇರಿ ಅಲ್ಲಿಯೇ ನಿಲ್ಲುತ್ತದೆ ನೋಡಿ.

ಡಿಸ್ಕಿನ ಗೆರೆ ನೂರು ಪ್ರತಿಶತ ಮುಟ್ಟಿದೆ, ಆದರೆ ಕೆಳಗೆ ಓದುವ ವೇಗ ಸೆಕೆಂಡಿಗೆ ಒಂದೆರಡು ಎಂಬಿ ಅಷ್ಟೇ. ತಿರುಗುವ ಹಾರ್ಡ್ ಡಿಸ್ಕ್ ಇರುವ ಹಳೆಯ ಯಂತ್ರಗಳಲ್ಲಿ ನಾನು ಹೆಚ್ಚಾಗಿ ಕಾಣುವ ದೃಶ್ಯ ಇದು. ಏನಾಗುತ್ತಿದೆ ಎಂದರೆ, ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಜಾಗ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಸೂಜಿ ಸರಿಯಾದ ಪಥಕ್ಕೆ ಸರಿಯಲು ಇನ್ನೊಂದು ಎಂಟೊಂಬತ್ತು ಮಿಲಿಸೆಕೆಂಡ್. ಹೀಗೆ ಚದುರಿದ ಸಣ್ಣ ಸಣ್ಣ ತುಣುಕುಗಳನ್ನು ಓದಬೇಕಾದಾಗ ಸೆಕೆಂಡಿಗೆ ನೂರು ತುಣುಕು ಮುಟ್ಟುವುದೂ ಕಷ್ಟ. ವಿಂಡೋಸ್ 10 ಹಿನ್ನೆಲೆಯಲ್ಲಿ ಅಪ್‌ಡೇಟ್ ಹುಡುಕುತ್ತ, ವೈರಸ್ ತಪಾಸಣೆ ಮಾಡುತ್ತ ಕೇಳುವುದೇ ಇಂಥ ಚದುರಿದ ತುಣುಕುಗಳನ್ನು. ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ, ಎಲ್ಲವೂ ಮೆಮೊರಿ ಚಿಪ್ಪಿನಲ್ಲೇ. ಅದು ಸೆಕೆಂಡಿಗೆ ಹತ್ತಾರು ಸಾವಿರ ತುಣುಕುಗಳನ್ನು ಕೊಡುತ್ತದೆ. ಫಾರ್ಮ್ಯಾಟ್ ಮಾಡಿಸಿದಾಗ ನಾಲ್ಕು ದಿನ ಹಗುರವಾಗಿ ಓಡುವ ಯಂತ್ರ ಮತ್ತೆ ಹಳೆಯ ಚಾಳಿಗೆ ಬೀಳುವುದು ಇದರಿಂದಲೇ. ಮನೆ ಗುಡಿಸಿದೆವು, ಆದರೆ ಬಾಗಿಲು ಇನ್ನೂ ಒಂದೇ ಅಡಿ ಅಗಲ.

ಎಚ್61 ಚಿಪ್‌ಸೆಟ್ಟಿನ ಸಾಟಾ ಕಿಂಡಿಗಳು (ಡಿಸ್ಕ್ ಸಿಕ್ಕಿಸುವವು) ಸೆಕೆಂಡಿಗೆ 3 ಗಿಗಾಬಿಟ್‌ನವು, ಅಂದರೆ ಹೆಚ್ಚೆಂದರೆ 300 ಎಂಬಿ. ಈಗಿನ ಸಾಟಾ ಎಸ್‌ಎಸ್‌ಡಿಗಳು ಸುಮಾರು 550 ಎಂಬಿ ಕೊಡಬಲ್ಲವು. "ಹಾಗಾದರೆ ಅರ್ಧ ವೇಗ ದಂಡವಾಯಿತಲ್ಲ" ಎಂದು ಕೆಲವರು ಹಿಂಜರಿಯುತ್ತಾರೆ. ಆ 550 ದೊಡ್ಡ ಕಡತವನ್ನು ಒಂದೇ ಸಮನೆ ನಕಲು ಮಾಡುವಾಗಿನ ಲೆಕ್ಕ. ದಿನದ ಕೆಲಸದಲ್ಲಿ ನಮಗೆ ತಾಗುವುದು ಚದುರಿದ ತುಣುಕುಗಳ ಲೆಕ್ಕ, ಅದು 300ರ ಮಿತಿಯನ್ನು ಮುಟ್ಟುವುದೇ ಅಪರೂಪ. ನಮ್ಮ ಯಂತ್ರ ಡೆಸ್ಕ್‌ಟಾಪ್ ತೋರಿಸಲು ಮೊದಲು ನಾಲ್ಕು ನಿಮಿಷ ತೆಗೆದುಕೊಳ್ಳುತ್ತಿತ್ತು. ಎಸ್‌ಎಸ್‌ಡಿ ಹಾಕಿದ ಮೇಲೆ ಅರ್ಧ ನಿಮಿಷದೊಳಗೆ ತೋರಿಸತೊಡಗಿತು. ಎನ್‌ವಿಎಂಇ ಎಂಬ ಇನ್ನೂ ವೇಗದ ಬಗೆಯನ್ನು ಇಂಥ ಹಳೆಯ ಬೋರ್ಡಿಗೆ ಅಡಾಪ್ಟರ್ ಹಾಕಿ ಸೇರಿಸುವ ಸಾಹಸ ಬೇಡ. ಅದರಿಂದ ಬೂಟ್ ಆಗುವುದನ್ನು ಆ ಬಯೋಸ್ ಕಲಿತಿಲ್ಲ.

ಡಿಸ್ಕ್ ಬರೀ ನಿಧಾನವೋ, ಸಾಯುತ್ತಿದೆಯೋ ಎಂಬುದನ್ನೂ ತಿಳಿಯಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ದಾಖಲೆಯನ್ನು ತೋರಿಸುತ್ತದೆ. ಅಲ್ಲಿ ಹತ್ತಾರು ಸಾಲುಗಳಿದ್ದರೂ ನೋಡಬೇಕಾದವು ನಾಲ್ಕೇ. 05 ಎಂಬ ಸಾಲು ಕೆಟ್ಟು ಬದಲಿಸಲಾದ ಜಾಗಗಳ ಎಣಿಕೆ. ಸಿ5 ಓದಲಾಗದೆ ತೀರ್ಮಾನಕ್ಕೆ ಕಾದಿರುವ ಜಾಗಗಳು, ಸಿ6 ಕೈಬಿಟ್ಟ ಜಾಗಗಳು. ಈ ಮೂರರ ಮೂಲ ಎಣಿಕೆ ಸೊನ್ನೆ ಇದ್ದರೆ ನೆಮ್ಮದಿ. ಸೊನ್ನೆ ಅಲ್ಲದಿದ್ದರೆ, ಅದರಲ್ಲೂ ವಾರದಿಂದ ವಾರಕ್ಕೆ ಏರುತ್ತಿದ್ದರೆ, ಆ ಡಿಸ್ಕಿನ ಮೇಲೆ ಫಾರ್ಮ್ಯಾಟಿಗೆಂದು ಒಂದು ರೂಪಾಯಿಯನ್ನೂ ಸುರಿಯಬೇಡಿ. ನಾಲ್ಕನೆಯದು ಸಿ7. ಇದೊಂದೇ ಏರುತ್ತಿದ್ದು ಉಳಿದವು ಸೊನ್ನೆ ಇದ್ದರೆ ತಪ್ಪು ಹೆಚ್ಚಾಗಿ ಡಿಸ್ಕಿನದಲ್ಲ, ಬೋರ್ಡಿಗೆ ಹೋಗುವ ಸಾಟಾ ಕೇಬಲ್ಲಿನದು. ಅದನ್ನು ಬದಲಿಸಿದರೆ ಎಣಿಕೆ ಇಳಿಯದಿದ್ದರೂ ಅಲ್ಲಿಗೆ ನಿಲ್ಲುತ್ತದೆ. ನಮ್ಮದರಲ್ಲಿ ಸಿ5 ಮೊದಲ ದಿನ 8 ಇತ್ತು, ಹದಿನೈದು ದಿನಕ್ಕೆ 40 ಆಯಿತು. ಅಪ್ಪನಿಗೆ ತೋರಿಸಿದೆ. "ಕೊಳೆರೋಗ ಬಂದ ಹಾಗೆ" ಎಂದರು. ಹೋಲಿಕೆ ಸರಿಯಾಗಿಯೇ ಇತ್ತು.

ಮೆಮೊರಿಯ ಗೆರೆ 85ರ ಮೇಲೆ ನಿಂತಿದ್ದು, ಅದರ ಜೊತೆಗೇ ಡಿಸ್ಕೂ ಕುಣಿಯುತ್ತಿದ್ದರೆ ರ‍್ಯಾಮ್ ಸಾಲುತ್ತಿಲ್ಲ, ಅದರ ಹೊರೆಯನ್ನು ಡಿಸ್ಕಿನ ಮೇಲೆ ಇಳಿಸಲಾಗುತ್ತಿದೆ ಎಂದು ತಿಳಿಯಿರಿ. ಇಂದಿನ ಬ್ರೌಸರಿಗೆ 4 ಜಿಬಿ ಎಂದರೆ ಮದುವೆ ಮನೆಗೆ ಒಂದೇ ಒಲೆ. 8 ಜಿಬಿ ಇದ್ದರೆ ಮನೆಯ ಕೆಲಸಕ್ಕೆ ಸಾಕು. ಕೊಳ್ಳುವ ಮುಂಚೆ ಎರಡು ವಿಷಯ ನೋಡಿಕೊಳ್ಳಿ. ಒಂದು, ಸಿಸ್ಟಂ ಮಾಹಿತಿಯ ಪುಟದಲ್ಲಿ ವಿಂಡೋಸ್ 32 ಬಿಟ್ ಎಂದಿದೆಯೋ 64 ಎಂದೋ. 32 ಆದರೆ ಎಷ್ಟೇ ರ‍್ಯಾಮ್ ಹಾಕಿದರೂ ಅದು 4 ಜಿಬಿಯ ಆಚೆ ಬಳಸುವುದಿಲ್ಲ. ಮೊದಲು 64 ಬಿಟ್ಟಿನದನ್ನು ಹಾಕಿಸಬೇಕು. ಎರಡು, ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂಬ ಮೂರು ಬಗೆಯ ಕಡ್ಡಿಗಳಲ್ಲಿ ಒಂದರ ಕಿಂಡಿಗೆ ಇನ್ನೊಂದು ಕೂರುವುದೇ ಇಲ್ಲ. ಕಡ್ಡಿಯ ಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ಲ್ಯಾಪ್‌ಟಾಪಿನಲ್ಲಿ ಡಿಡಿಆರ್3 ಒಳಗೇ ಮತ್ತೊಂದು ಭೇದ: ಸಾಮಾನ್ಯದ್ದು 1.5 ವೋಲ್ಟ್, ಎಲ್ ಅಕ್ಷರದ್ದು 1.35 ವೋಲ್ಟ್. ನಾಲ್ಕನೆಯ ತಲೆಮಾರಿನ ಇಂಟೆಲ್ ಲ್ಯಾಪ್‌ಟಾಪ್‌ಗಳು ಎಲ್ ಬಗೆಯನ್ನೇ ಕೇಳುತ್ತವೆ.

ಪ್ರೊಸೆಸರ್ ಗೆರೆಯೇ ನೂರರಲ್ಲಿ ನಿಂತಿದ್ದರೆ ಪ್ರೊಸೆಸೆಸ್ ಪುಟಕ್ಕೆ ಹೋಗಿ ಯಾವ ತಂತ್ರಾಂಶ ತಿನ್ನುತ್ತಿದೆ ನೋಡಿ. ಎರಡೆರಡು ಆಂಟಿವೈರಸ್ ಹಾಕಿಕೊಂಡ ಯಂತ್ರಗಳುಂಟು, ಒಂದು ಇನ್ನೊಂದನ್ನು ಕಾಯುತ್ತ ಕೂತಿರುತ್ತದೆ. ಅಂಥದ್ದೇನೂ ಇಲ್ಲದೆ ಬರೀ ವಿಡಿಯೊ ನೋಡುವಾಗಲೂ ನೂರು ಮುಟ್ಟುತ್ತಿದ್ದರೆ, ಶಾಖವೂ ಮಿತಿಯಲ್ಲಿದ್ದರೆ, ಆ ಪ್ರೊಸೆಸರ್ ತನ್ನ ಶಕ್ತಿಯ ಕೊನೆಯಲ್ಲಿದೆ. ಇಂಟೆಲ್‌ನ ಇನ್ನೂ ಹಳೆಯ ಕೋರ್ 2 ಡುಯೊ ಕಾಲದ ಯಂತ್ರಗಳಲ್ಲಿ ನನಗೆ ಹೀಗೆ ಕಂಡಿದೆ. ಅದಕ್ಕೆ ಔಷಧಿ ಇಲ್ಲ.

ನಡೆಯುತ್ತ ನಡೆಯುತ್ತ ನಿಂತರೆ

ಅರ್ಧ ಗಂಟೆ ಓಡಿ ಥಟ್ಟನೆ ಆರಿದರೆ ಮೊದಲ ಅನುಮಾನ ಶಾಖ. ಪ್ರೊಸೆಸರ್ ಮೇಲಿನ ಫ್ಯಾನನ್ನು ಬಿಚ್ಚಿದರೆ ಅದರ ಅಡಿಯ ಲೋಹದ ರೆಕ್ಕೆಗಳ ನಡುವೆ ಹತ್ತಿಯ ಹಾಸಿಗೆಯಂತೆ ಧೂಳು ಕೂತಿರುತ್ತದೆ. ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ಬ್ಲೋವರ್ ಹಿಡಿಯುವುದಾದರೆ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿಯಿರಿ. ಪ್ರೊಸೆಸರ್ ಮತ್ತು ಆ ಲೋಹದ ನಡುವಿನ ಥರ್ಮಲ್ ಪೇಸ್ಟ್ ಹತ್ತು ವರ್ಷದಲ್ಲಿ ಒಣಗಿದ ಸುಣ್ಣವಾಗಿರುತ್ತದೆ. ಅದನ್ನು ಒರೆಸಿ, ಹೆಸರುಕಾಳಿನಷ್ಟು ಹೊಸದನ್ನು ಇಟ್ಟು ಮುಚ್ಚಿ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಬಳಸುವವರಿಗೆ ಬೇರೆ ಹೇಳಬೇಕಿಲ್ಲ.

ಆರುವ ಬದಲು ನೀಲಿ ಪರದೆ ತೋರಿಸಿ, ಪ್ರತಿ ಸಲವೂ ಬೇರೆ ಬೇರೆ ದೋಷದ ಹೆಸರು ಹೇಳುತ್ತಿದ್ದರೆ ರ‍್ಯಾಮನ್ನು ಪರೀಕ್ಷಿಸಿ. ಮೆಮ್‌ಟೆಸ್ಟ್86 ಪ್ಲಸ್ ಎಂಬುದನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಬೂಟ್ ಮಾಡಿ ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ಕೆಂಪು ಸಾಲು ಬಂದರೂ ಆ ಕಡ್ಡಿ ಕಸದ ಬುಟ್ಟಿಗೆ. ಇದರಲ್ಲಿ ಸ್ವಲ್ಪ ಕೆಟ್ಟಿದೆ ಎಂಬುದಿಲ್ಲ. ಇವೆರಡೂ ಅಲ್ಲ, ಮಿಕ್ಸಿ ಹಾಕಿದಾಗಲೋ ಪಂಪು ಚಾಲೂ ಆದಾಗಲೋ ಕಂಪ್ಯೂಟರ್ ತಾನಾಗಿ ಮತ್ತೆ ಶುರುವಾಗುತ್ತದೆ ಎಂದರೆ ಎಸ್‌ಎಂಪಿಎಸ್, ಯುಪಿಎಸ್, ಮನೆಯ ಅರ್ಥಿಂಗ್ ಮೂರನ್ನೂ ನೋಡಬೇಕು. ಅರ್ಥಿಂಗ್ ಕೆಟ್ಟ ಮನೆಗೆ ಹೊಸ ಕಂಪ್ಯೂಟರ್ ತಂದರೂ ಅದು ಅದೇ ಹಾದಿ ಹಿಡಿಯುತ್ತದೆ.

ಯಂತ್ರ ಸರಿಯಿದೆ, ಕಾಲ ಸರಿಯಿಲ್ಲ

ಎಲ್ಲ ಭಾಗವೂ ಆರೋಗ್ಯವಾಗಿದ್ದೂ ಯಂತ್ರ ನಿರುಪಯೋಗಿ ಎನಿಸುವ ಸ್ಥಿತಿ ಒಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಸುರಕ್ಷಾ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಚಿಪ್, ಯಂತ್ರ ಏಳುವಾಗಿನ ಕಾವಲಾದ ಸೆಕ್ಯೂರ್ ಬೂಟ್, ಮತ್ತು ಇಂಟೆಲ್ ಆದರೆ ಕೆಲವೇ ಅಪವಾದ ಬಿಟ್ಟು ಎಂಟನೆಯ ತಲೆಮಾರು ಅಥವಾ ಆಮೇಲಿನ ಪ್ರೊಸೆಸರ್.

ಇಲ್ಲಿಯೂ ಸುಳ್ಳು ದೋಷವೊಂದು ಅಡಗಿದೆ. ಎಂಟನೆಯ, ಒಂಬತ್ತನೆಯ ತಲೆಮಾರಿನ ಎಷ್ಟೋ ಯಂತ್ರಗಳು "ನನ್ನಲ್ಲಿ ಟಿಪಿಎಂ ಇಲ್ಲ" ಎನ್ನುತ್ತವೆ. ಇದೆ, ಬಯೋಸಿನಲ್ಲಿ ಆಫ್ ಮಾಡಿಟ್ಟಿದ್ದಾರೆ ಅಷ್ಟೇ. ಇಂಟೆಲ್ ಬೋರ್ಡುಗಳಲ್ಲಿ ಪಿಟಿಟಿ ಎಂದೂ ಎಎಂಡಿಯಲ್ಲಿ ಎಫ್‌ಟಿಪಿಎಂ ಎಂದೂ ಹೆಸರು. ಅದನ್ನು ಚಾಲೂ ಮಾಡಿದರೆ ಆ ಯಂತ್ರಕ್ಕೆ ಒಂದು ಪೈಸೆ ಖರ್ಚಿಲ್ಲದೆ ಹೊಸ ಆಯುಸ್ಸು. ಪ್ರೊಸೆಸರೇ ಹಳೆಯದಾದರೆ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುವವರು ಇದ್ದಾರೆ. ನಾನು ಬೇಡ ಎನ್ನುತ್ತೇನೆ. ಪ್ರತಿ ದೊಡ್ಡ ಅಪ್‌ಡೇಟ್ ಬಂದಾಗಲೂ ಮತ್ತೆ ಅದೇ ಅಡ್ಡದಾರಿ ಹುಡುಕಬೇಕಾಗುತ್ತದೆ. ಕೋರ್ 2 ಡುಯೊ ಯಂತ್ರಗಳಿಗಂತೂ ಆ ದಾರಿಯೂ ಮುಚ್ಚಿದೆ: ವಿಂಡೋಸ್ 11ರ 24ಎಚ್2 ಆವೃತ್ತಿಗೆ ಬೇಕಾದ ಸೂಚನೆಗಳು ಆ ಪ್ರೊಸೆಸರಿನಲ್ಲಿ ಹುಟ್ಟಿನಿಂದಲೇ ಇಲ್ಲ.

ಉಳಿದ ದಾರಿ ಲಿನಕ್ಸ್, ವಿಂಡೋಸಿನ ಜಾಗದಲ್ಲಿ ಹಾಕಬಹುದಾದ ಉಚಿತ ಕಾರ್ಯಾಚರಣೆ ವ್ಯವಸ್ಥೆ. ಲಿನಕ್ಸ್ ಮಿಂಟ್‌ನ ಎಕ್ಸ್ಎಫ್‌ಸಿಇ ಆವೃತ್ತಿ 4 ಜಿಬಿ ಯಂತ್ರದಲ್ಲೂ ಹಗುರವಾಗಿ ಓಡುತ್ತದೆ, ಕನ್ನಡ ಟೈಪಿಸಲು ಕಗಪ ಕೀಲಿಮಣೆ ವಿನ್ಯಾಸವೂ ಸಿಗುತ್ತದೆ. ಆದರೆ ಮನೆಯಲ್ಲಿ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಆಸ್ಕಿ ಅಕ್ಷರಶೈಲಿಯಲ್ಲಿ ಬರೆದ ಹಳೆಯ ಕಡತಗಳ ರಾಶಿ ಇದ್ದರೆ ಹುಷಾರು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತವೆ. ನುಡಿ ತಂತ್ರಾಂಶ ಇರುವುದು ವಿಂಡೋಸಿಗೆ. ದೇವಸ್ಥಾನದ ಹನ್ನೆರಡು ವರ್ಷದ ಪತ್ರಗಳನ್ನು ಎಲ್ಲ ಯಂತ್ರದಲ್ಲೂ ಓದಬಹುದಾದ ಯೂನಿಕೋಡಿಗೆ ಪರಿವರ್ತಿಸಲು ನನಗೆ ಎರಡು ಭಾನುವಾರ ಹಿಡಿಯಿತು. ಒತ್ತಕ್ಷರಗಳು ಅಲ್ಲಲ್ಲಿ ಜಾಗ ತಪ್ಪಿದ್ದವು, ಅವನ್ನು ಅಪ್ಪ ಕೂತು ತಿದ್ದಿದರು. ಈ ಕೆಲಸವನ್ನು ಹಳೆಯ ಯಂತ್ರ ಇನ್ನೂ ಬದುಕಿರುವಾಗಲೇ ಮಾಡಿ ಮುಗಿಸಬೇಕು.

ಹಣ ಎಲ್ಲಿಗೆ

ಬಾಡಿಗೆ ಮನೆಯಲ್ಲಿರುವವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಮನೆ ಬಿಡುವಾಗ ಹೊತ್ತೊಯ್ಯಬಹುದಾದ ಪಾತ್ರೆಗೆ ಖರ್ಚು ಮಾಡುತ್ತೇವೆ, ಗೋಡೆಗೆ ಬಳಿಯುವ ಬಣ್ಣಕ್ಕಲ್ಲ. ಕಂಪ್ಯೂಟರಿನಲ್ಲಿ ಬೋರ್ಡೇ ಮನೆ. ಸಾಟಾ ಎಸ್‌ಎಸ್‌ಡಿ, ಮಾನಿಟರ್, ಕೀಲಿಮಣೆ, ಯುಪಿಎಸ್ ಬ್ಯಾಟರಿ ಮುಂದಿನ ಯಂತ್ರಕ್ಕೂ ನಮ್ಮ ಜೊತೆ ಬರುತ್ತವೆ. ಡಿಡಿಆರ್3 ರ‍್ಯಾಮೂ ಹಳೆಯ ಸಾಕೆಟ್ಟಿನ ಪ್ರೊಸೆಸರೂ ಬೋರ್ಡಿನ ಜೊತೆ ಅಲ್ಲಿಯೇ ಉಳಿಯುತ್ತವೆ. ಹಾಗಾಗಿ ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿಯನ್ನು ಧೈರ್ಯವಾಗಿ ಹೊಸದಾಗಿ ಕೊಳ್ಳಿ. ರ‍್ಯಾಮ್ ಬೇಕಾದರೆ ಸೆಕೆಂಡ್ ಹ್ಯಾಂಡ್ ಸಾಕು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಡಿಡಿಆರ್3 ಕಡ್ಡಿಗಳನ್ನು ಅಲ್ಲಿಯೇ ಪರೀಕ್ಷಿಸಿ ಕೊಡುವ ಅಂಗಡಿಗಳಿವೆ. 2025ರ ಕೊನೆಯ ತಿಂಗಳುಗಳಿಂದ ಹೊಸ ಮೆಮೊರಿಯ ಬೆಲೆ ಎಲ್ಲೆಡೆ ಏರಿರುವುದರಿಂದ "ಹೇಗೂ ಹೊಸ ಯಂತ್ರ ಅಗ್ಗ" ಎಂಬ ಮಾತನ್ನು ಈಗ ಕಣ್ಣುಮುಚ್ಚಿ ನಂಬುವಂತಿಲ್ಲ. ಪ್ರೊಸೆಸರನ್ನು ಅದೇ ಸಾಕೆಟ್ಟಿನ ಐ5ಕ್ಕೋ ಐ7ಕ್ಕೋ ಏರಿಸುವ ಆಸೆ ಬಿಡಿ; ಮನೆಯ ಕೆಲಸದಲ್ಲಿ ಆ ವ್ಯತ್ಯಾಸ ಕೈಗೆ ಸಿಗುವುದಿಲ್ಲ.

ಬೋರ್ಡೇ ಹೋಗಿದ್ದರೆ? ಹಳೆಯ ಚಿಪ್‌ಸೆಟ್ಟಿನ, ಹೆಸರು ಕೇಳಿರದ ಕಂಪನಿಗಳ "ಹೊಸ" ಬೋರ್ಡುಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ನಾನಂತೂ ಕೊಳ್ಳುವುದಿಲ್ಲ. ಬೋರ್ಡ್ ಬದಲಿಸುವ ಮಾತು ಬಂದ ದಿನವೇ ಯಂತ್ರ ಬದಲಿಸುವ ದಿನ. ಹಾಗೆಂದು ಹೊಚ್ಚ ಹೊಸದೇ ಆಗಬೇಕಿಲ್ಲ. ದೊಡ್ಡ ಕಚೇರಿಗಳು ಅವಧಿ ಮುಗಿಸಿ ಹೊರಹಾಕಿದ ಎಂಟನೆಯ ತಲೆಮಾರಿನ ಐ5 ಡೆಸ್ಕ್‌ಟಾಪ್‌ಗಳು ನವೀಕರಿಸಿದ ಮಾಲಾಗಿ ಸಿಗುತ್ತವೆ, ವಿಂಡೋಸ್ 11 ಅವುಗಳಲ್ಲಿ ರಾಜಮಾರ್ಗದಲ್ಲೇ ಕೂರುತ್ತದೆ. ಕೊಳ್ಳುವಾಗ ಒಳಗಿನ ಡಿಸ್ಕಿನ ಸ್ಮಾರ್ಟ್ ಎಣಿಕೆಯನ್ನು ಅಂಗಡಿಯಲ್ಲೇ ನೋಡಿ. ಅವುಗಳ ಎಸ್‌ಎಂಪಿಎಸ್ ಮತ್ತು ಬೋರ್ಡಿನ ಆಕಾರ ಆಯಾ ಕಂಪನಿಯದೇ ಆಗಿರುವುದು ಸಾಮಾನ್ಯ, ಹಾಗಾಗಿ ಮುಂದೆ ಕೆಟ್ಟರೆ ಅದೇ ಬಗೆಯದ್ದನ್ನು ಹುಡುಕಬೇಕಾಗುತ್ತದೆ. ಆ ತೊಂದರೆ ಗೊತ್ತಿದ್ದೇ ಕೊಳ್ಳಬೇಕು.

ನಮ್ಮ ಯಂತ್ರದ ಕೊನೆ ಬಂದದ್ದು ಸಿಡಿಲಿನಿಂದ. 2025ರ ಮೇ ತಿಂಗಳ ಒಂದು ಸಂಜೆ ಪ್ಲಗ್ ಕಿತ್ತಿದ್ದೆವು, ಇಂಟರ್‌ನೆಟ್ಟಿನ ಕೇಬಲ್ ಕೀಳಲು ಮರೆತಿದ್ದೆವು. ಬೋರ್ಡಿನ ಲ್ಯಾನ್ ಕಿಂಡಿ ಅಲ್ಲಿಗೆ ಸತ್ತಿತು. ಯುಎಸ್‌ಬಿಯ ವೈಫೈ ತುಂಡೊಂದನ್ನು ಸಿಕ್ಕಿಸಿ ಮಳೆಗಾಲ ದಾಟಿಸಿದೆ. ದೀಪಾವಳಿಗೆ ಊರಿಗೆ ಹೋದಾಗ ಮುಚ್ಚಳ ತೆಗೆದು ನೋಡಿದರೆ ಪ್ರೊಸೆಸರ್ ಪಕ್ಕದ ಎರಡು ಕೆಪಾಸಿಟರುಗಳ ತಲೆ ಉಬ್ಬಿತ್ತು. ಆಗ ಮಾತ್ರ ನಾನು "ಹೊಸದು" ಎಂಬ ಮಾತು ಆಡಿದೆ. ನವೀಕರಿಸಿದ ಒಂದು ಡಬ್ಬಿ ಬಂತು. 2022ರಲ್ಲಿ ಹಾಕಿದ ಎಸ್‌ಎಸ್‌ಡಿಯನ್ನು ಬಿಚ್ಚಿ ಅದಕ್ಕೆ ಹಾಕಿ, ಹಳೆಯ ವಿಂಡೋಸ್ ಅಳಿಸಿ ಹೊಸದನ್ನು ಕೂರಿಸಿದೆ. ಮಾನಿಟರ್ ಅದೇ, ಕೀಲಿಮಣೆ ಅದೇ, ಅದರ ಮೇಲಿನ ಎಲೆಯಡಿಕೆ ಕಲೆಯೂ ಅದೇ.

ಖಾಲಿ ಡಬ್ಬಿಯನ್ನು ಗುಜರಿಯವರಿಗೆ ಹಾಕದೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಲು ಬೆಂಗಳೂರಿಗೆ ತಂದಿಟ್ಟಿದ್ದೇನೆ. ಹಳೆಯ ಹಾರ್ಡ್ ಡಿಸ್ಕನ್ನು ಮಾತ್ರ ಕೊಡುವುದಿಲ್ಲ. ಓದಲಾಗದ ಜಾಗಗಳಿರುವ ಡಿಸ್ಕನ್ನು ತಂತ್ರಾಂಶದಿಂದ ಪೂರ್ತಿ ಅಳಿಸಿದೆ ಎಂದು ನೆಚ್ಚಿಕೊಳ್ಳಲಾಗದು, ಅದರಲ್ಲಿ ಬ್ಯಾಂಕಿನ ಕಾಗದಗಳಿದ್ದವು. ಮುಚ್ಚಳದ ಮೇಲಿನ, ಆರು ಮೂಲೆಯ ನಕ್ಷತ್ರದಂಥ ತಲೆಯ ತಿರುಪುಗಳನ್ನು ಬಿಚ್ಚಿ, ತಟ್ಟೆಯನ್ನು ಗೀರಿ ಹಾಳು ಮಾಡಿದೆ. ಒಳಗಿದ್ದ ಎರಡು ಅಯಸ್ಕಾಂತಗಳನ್ನು ಅಪ್ಪ ಅಡಕತ್ತರಿ ನೇತುಹಾಕಲು ಗೋಡೆಯ ಕಬ್ಬಿಣದ ಪಟ್ಟಿಗೆ ಅಂಟಿಸಿಕೊಂಡಿದ್ದಾರೆ.